ಬ್ಯಾಟರಿ ಚಾರ್ಜ್ ಮಾಡೋದು ಭಾನುವಾರ ರಾತ್ರಿ, ಶುಕ್ರವಾರ ಅಲ್ಲ

ಮಿನ್ನೆಸೋಟದಲ್ಲಿ ಮೇ ನಡುವಿಗೆ ವಾಲೈ ಮೀನಿನ ಸೀಸನ್ ಶುರುವಾಗುತ್ತದೆ. ಬೆನ್ನಿಗೇ ಈ ಪ್ರಶ್ನೆಯೂ ಬರುತ್ತದೆ.

ಪ್ರಶ್ನೆ: ನನ್ನ ದೋಣಿಗೆ 55 ಪೌಂಡ್ ತಳ್ಳುಬಲದ ಟ್ರೋಲಿಂಗ್ ಮೋಟರ್ (ಮೀನು ಹಿಡಿಯುವಾಗ ದೋಣಿಯನ್ನು ಮೆಲ್ಲಗೆ ಓಡಿಸುವ ಬ್ಯಾಟರಿ ಮೋಟರ್), 100 ಆಂಪಿಯರ್-ಅವರ್‌ನ ನೀರು ಹಾಕುವ ಡೀಪ್ ಸೈಕಲ್ (ಹೆಚ್ಚು ಹೊತ್ತು ಒಂದೇ ಸಮ ಕರೆಂಟ್ ಕೊಡುವ) ಬ್ಯಾಟರಿ ಇದೆ. ಹೋದ ವರ್ಷ ಮಧ್ಯಾಹ್ನದವರೆಗೂ ಓಡುತ್ತಿತ್ತು, ಈಗ ಒಂದೇ ಗಂಟೆಗೆ ಸುಸ್ತು. ಪ್ರತಿ ಶುಕ್ರವಾರ ರಾತ್ರಿ ತಪ್ಪದೆ ಚಾರ್ಜ್ ಮಾಡುತ್ತೇನೆ, ಹಸಿರು ದೀಪವೂ ಬರುತ್ತದೆ. ಕಳಪೆ ಮಾಲು ಕೊಟ್ಟರಾ?

ಉತ್ತರ: ಮಾಲು ಸರಿಯಾಗೇ ಇತ್ತು, ಹಾಳು ಮಾಡಿದ್ದು ನಿಮ್ಮ ಶುಕ್ರವಾರ. ಭಾನುವಾರ ಸಂಜೆ ಲೇಕ್‌ನಿಂದ ಬಂದ ಕೂಡಲೇ ಮೀನು ಫ್ರಿಜ್ಜಿಗೆ ಹೋಗುತ್ತದೆ, ಬ್ಯಾಟರಿ ಮಾತ್ರ ಅರೆಜೀವವಾಗಿ ಐದು ದಿನ ಗ್ಯಾರೇಜಿನಲ್ಲಿ ಬಿದ್ದಿರುತ್ತದೆ, ಅಲ್ವಾ? ಅಷ್ಟರಲ್ಲಿ ಸೀಸದ ಪ್ಲೇಟುಗಳ ಮೇಲೆ ಕೂತ ಸಲ್ಫೇಟ್ ಗಟ್ಟಿಯಾಗುತ್ತಾ ಹೋಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ. ಹಸಿರು ದೀಪದ ಮಾತು ಬಿಡಿ. ಹೂಳು ತುಂಬಿದ ಕೆರೆ ಒಂದೇ ಮಳೆಗೆ ಕೋಡಿ ಬೀಳುತ್ತದೆ, ಹಾಗಂತ ಬೇಸಿಗೆವರೆಗೂ ನೀರು ಇರುತ್ತಾ?

ನೀವು ಫುಲ್ ಸ್ಪೀಡಲ್ಲೇ ಓಡಿಸುವವರು ಅಂತಲೂ ನನಗೆ ಅನುಮಾನ. ಆ ಮೋಟರ್ ಫುಲ್ ಸ್ಪೀಡಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. ಲೇಬಲ್ಲಿನ 100 ಅನ್ನೋದು ಸಾಮಾನ್ಯವಾಗಿ 5 ಆಂಪಿಯರ್‌ನಂತೆ 20 ಗಂಟೆ ಎಳೆದಾಗಿನ ಲೆಕ್ಕ. 50 ಎಳೆದರೆ ಎರಡು ಗಂಟೆ ಅಂತ ಸುಮ್ನೆ ಭಾಗಿಸಬೇಡಿ, ಅಷ್ಟು ಬರುವುದಿಲ್ಲ. ಬಂದರೂ ಪೂರ್ತಿ ಹಿಂಡಬಾರದು, ಅರ್ಧಕ್ಕೆ ನಿಲ್ಲಿಸಿ. ಮೋಟರ್ ಆಫ್ ಮಾಡಿ ಒಂದೆರಡು ಗಂಟೆ ಬಿಟ್ಟು ಮಲ್ಟಿಮೀಟರ್ ಹಿಡಿಯಿರಿ: 12.7 ವೋಲ್ಟ್ ಇದ್ದರೆ ಫುಲ್, 12.2 ಅಂದರೆ ಅರ್ಧ. ಮನೆಗೆ ಬಂದ ರಾತ್ರಿಯೇ ಚಾರ್ಜಿಗೆ ಹಾಕಿ, ಗ್ಯಾರೇಜ್ ಬಾಗಿಲು ಸ್ವಲ್ಪ ತೆರೆದಿರಲಿ, ಹೊರಬರುವ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು. ಚಾರ್ಜ್ ಮುಗಿದ ಮೇಲೆ ನೀರಿನ ಮಟ್ಟ ನೋಡಿ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. "ಆಸಿಡ್ ಹಾಕು, ಪವರ್ ಜಾಸ್ತಿ ಆಗುತ್ತೆ" ಅನ್ನುವ ಸ್ನೇಹಿತರನ್ನು ದೋಣಿಗೇ ಹತ್ತಿಸಬೇಡಿ.

ಪ್ರಶ್ನೆ: ಒಂದು ವಿಡಿಯೋದಲ್ಲಿ ನೋಡಿದೆ, ಎಪ್ಸಮ್ ಸಾಲ್ಟ್ (ಒಂದು ಬಗೆಯ ಮೆಗ್ನೀಸಿಯಂ ಉಪ್ಪು) ಹಾಕಿದರೆ ಸತ್ತ ಬ್ಯಾಟರಿ ಬದುಕುತ್ತದಂತೆ?

ಉತ್ತರ: ಬದುಕುವುದು ಆ ವಿಡಿಯೋ ಮಾಡಿದವನ ಚಾನೆಲ್.

ಪ್ರಶ್ನೆ: ಕಾಂಕ್ರೀಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದಾ?

ಉತ್ತರ: ಪ್ಲಾಸ್ಟಿಕ್ ಡಬ್ಬಿಗೆ ನೆಲದ ಭಯ ಇಲ್ಲ. ಮುಂದಿನವರು.

ಪ್ರಶ್ನೆ: ಕಾರಿನ ಹಳೇ ಬ್ಯಾಟರಿ ನಡೆಯುತ್ತಾ?

ಉತ್ತರ: ದಡ ಸೇರೋಕೆ ಹುಟ್ಟು ಜೊತೆಗಿರಲಿ.

ಪ್ರಶ್ನೆ: ಚಳಿಗಾಲದಲ್ಲಿ ಬ್ಯಾಟರಿ ಒಳಗೆ ತರಬೇಕಾ? ಲಿಥಿಯಂ ಕೊಂಡರೆ ಈ ತಲೆನೋವು ಇಲ್ವಲ್ಲ?

ಉತ್ತರ: ಸೀಸದ್ದನ್ನು ಫುಲ್ ಚಾರ್ಜ್ ಮಾಡಿ ತಂತಿ ಕಳಚಿದರೆ ಗ್ಯಾರೇಜಿನ ಚಳಿ ತಡೆಯುತ್ತದೆ. ಖಾಲಿ ಬಿಟ್ಟರೆ ಒಳಗಿನ ನೀರು ಹೆಪ್ಪುಗಟ್ಟಿ ಡಬ್ಬಿಯೇ ಸೀಳುತ್ತದೆ. ಲಿಥಿಯಂ ಹಗುರ, ಒಳ್ಳೆಯದೇ, ಆದರೆ 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಹಳೇ ಚಾರ್ಜರನ್ನೇ ಅದಕ್ಕೆ ಸಿಕ್ಕಿಸುವ ಮುಂಚೆ ಅದರಲ್ಲಿ ಲಿಥಿಯಂ ಮೋಡ್ ಇದೆಯಾ ನೋಡಿ.