ಎಐ ಬಂದ ಮೇಲೂ ಡ್ರಾಫ್ಟಿಂಗ್ ಕಲೀಬೇಕಾ?

ತೀರ್ಥಹಳ್ಳಿಯಲ್ಲಿ ವಕೀಲರೊಬ್ಬರ ಹತ್ತಿರ ಜೂನಿಯರ್ ಆಗಿ ಸೇರಿದ್ದೀನಿ, ಎಐ ಇರುವಾಗ ಡ್ರಾಫ್ಟಿಂಗ್ (ದಾವೆ, ಅರ್ಜಿ ಬರೆಯೋದು) ಕಲಿತು ಪ್ರಯೋಜನ ಇದೆಯಾ ಅಂತ ಕೇಳಿದ್ದೀರಿ. ಖಂಡಿತ ಇದೆ. ಬರೆಯಲು ಬಾರದವರಿಗೆ ಎಐ ಬರೆದದ್ದರ ತಪ್ಪು ಕಾಣುವುದೇ ಇಲ್ಲ. 2023ರಲ್ಲಿ ನ್ಯೂಯಾರ್ಕ್‌ನ ವಕೀಲರು ಚಾಟ್‌ಜಿಪಿಟಿ ಕೊಟ್ಟ, ಎಲ್ಲೂ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ 5,000 ಡಾಲರ್ ದಂಡ ಕಟ್ಟಬೇಕಾಯಿತು. ಯಾವ ಸೈಟೇಷನ್ (ಹಳೆಯ ತೀರ್ಪಿನ ಉಲ್ಲೇಖ) ಸಿಕ್ಕರೂ ಮೂಲ ತೀರ್ಪು ತೆಗೆದು ಓದಿ.

ಆದರೆ ನೀವು ಮೊದಲು ಕಲಿಯಬೇಕಾದ್ದು ಡಿಜಿಟಲ್ ಸಾಕ್ಷ್ಯ. ಅಡಿಕೆ ತೋಟದ ಬೇಲಿ ಜಗಳಕ್ಕೂ ಈಗ ಕಕ್ಷಿದಾರರು ಮೊಬೈಲ್ ವಿಡಿಯೋ, ವಾಟ್ಸಾಪ್ ಮೆಸೇಜ್ ಹಿಡಿದೇ ಬರುತ್ತಾರೆ ಅಲ್ವಾ? 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿ ಇದಕ್ಕೆ ಪ್ರಮಾಣಪತ್ರ ಕೇಳುತ್ತಾರೆ, ಅದರ ಒಂದು ಭಾಗ ಕಕ್ಷಿದಾರರದ್ದು, ಇನ್ನೊಂದು ತಜ್ಞರದ್ದು, ಜೊತೆಗೆ ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲಿನಿಂದ ಲೆಕ್ಕಹಾಕಿ ತೆಗೆಯುವ, ಬೆರಳಚ್ಚಿನಂಥ ಸಂಕೇತ) ಬರೆಯಬೇಕು. ಫೈಲು ಚೂರು ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಹಾಗಾಗಿ ಫೋನಿನಲ್ಲಿರುವ ಮೂಲ ಫೈಲು ಅಳಿಸಬೇಡಿ ಅಂತ ಮೊದಲ ದಿನವೇ ಹೇಳಿಬಿಡಿ.

ಪಹಣಿ, ಮುಂದಿನ ತಾರೀಕು ಎಲ್ಲಾ ಆನ್‌ಲೈನಲ್ಲೇ ಸಿಗುತ್ತದೆ, ಅದಕ್ಕೆ ಜಾಸ್ತಿ ಹೊತ್ತು ಬೇಡ. ಉಳಿದ ಸಮಯದಲ್ಲಿ ಹಳೆಯ ಕೈಬರಹದ ಕ್ರಯಪತ್ರ ಓದೋದನ್ನು ನಿಮ್ಮ ಸೀನಿಯರ್ ಹತ್ತಿರ ಕಲಿಯಿರಿ. ಕಾನು (ಮಲೆನಾಡಿನ ದಟ್ಟ ಕಾಡು), ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡುಜಾಗ) ತಕರಾರು ಬಂದಾಗ ಅದೇ ಕೈಹಿಡಿಯುತ್ತದೆ.