1969ರ ಷೆವರ್ಲೆ ಕಮಾರೊ ಕಾರಿಗೆ ಎರಡಿಂಚಿನ ಡ್ರಾಪ್ ಸ್ಪಿಂಡಲ್ (ಮುಂದಿನ ಚಕ್ರವನ್ನು ಹೊತ್ತು, ಗಾಡಿಯನ್ನು ತಗ್ಗಿಸುವ ಬಿಡಿಭಾಗ) ಹಾಕಿದರೆ ತಿರುವಿನಲ್ಲಿ ಹಿಡಿತ ಸಿಗುತ್ತದೆಯೇ, ಅಥವಾ ಸ್ಪ್ರಿಂಗ್ ಕತ್ತರಿಸುವುದೇ ಸಾಕೇ?

ನೀವು ಕೇಳಿರುವುದು ಒಂದು ಪ್ರಶ್ನೆಯಲ್ಲ, ಎರಡು. ಗಾಡಿಯ ಮೂತಿ ಎತ್ತರಕ್ಕಿದೆ, ಇಳಿಸಬೇಕು ಎನ್ನುವುದು ಒಂದು. ತಿರುವಿನಲ್ಲಿ ವಾಲಿಕೊಂಡು ಮುಂದಿನ ಟೈರು ಹೊರಕ್ಕೆ ಜಾರುವುದು ನಿಲ್ಲಬೇಕು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಡ್ರಾಪ್ ಸ್ಪಿಂಡಲ್ ಒಳ್ಳೆಯ ದಾರಿ. ಎರಡನೆಯದಕ್ಕೆ ಅದೊಂದೇ ಸಾಲದು. ಮಾರುವವರು ಇದನ್ನು ಬಿಡಿಸಿ ಹೇಳುವುದು ಕಡಿಮೆ.

ಸ್ಪಿಂಡಲನ್ನು ಮೇಲೆ ಕೆಳಗೆ ಎರಡು ಕಂಟ್ರೋಲ್ ಆರ್ಮ್‌ಗಳು (ಅಪ್ಪರ್, ಲೋವರ್) ಫ್ರೇಮಿಗೆ ಜೋಡಿಸುತ್ತವೆ; ಆರ್ಮ್ ಸ್ಪಿಂಡಲನ್ನು ಸೇರುವ ಗುಂಡುಕೀಲೇ ಬಾಲ್ ಜಾಯಿಂಟ್. ಡ್ರಾಪ್ ಸ್ಪಿಂಡಲ್‌ನಲ್ಲಿ ಬಾಲ್ ಜಾಯಿಂಟ್ ಕೂರುವ ಜಾಗಗಳು ಇದ್ದಲ್ಲೇ ಇರುತ್ತವೆ. ಬೇರಿಂಗ್ ಕೂರುವ ಪಿನ್ ಮಾತ್ರ ಎರಡಿಂಚು ಮೇಲಕ್ಕೆ ಹೋಗಿರುತ್ತದೆ. ಹಾಗಾಗಿ ಸ್ಪ್ರಿಂಗ್, ಶಾಕ್, ಕಂಟ್ರೋಲ್ ಆರ್ಮ್‌ಗಳ ಕೋನ ಯಾವುದೂ ಬದಲಾಗದೆ ಗಾಡಿ ಕೆಳಗಿಳಿಯುತ್ತದೆ. ಆರ್ಮಿನ ಓಟಕ್ಕೆ ತಡೆಯಾಗಿರುವ ರಬ್ಬರ್, ಅಂದರೆ ಬಂಪ್ ಸ್ಟಾಪ್‌ವರೆಗಿನ ಓಡಾಟವೂ ಪೂರ್ತಿ ಉಳಿಯುತ್ತದೆ. ಸ್ಪ್ರಿಂಗ್ ಕತ್ತರಿಸಿ ಅಷ್ಟೇ ಇಳಿಸಿದರೆ ಚಕ್ರ ಮೇಲೇಳಲು ಇದ್ದ ಜಾಗದಲ್ಲಿ ಎರಡಿಂಚು ಖೋತಾ. ಸ್ವಲ್ಪ ದೊಡ್ಡ ಗುಂಡಿ ಬಂದರೂ ಆರ್ಮ್ ಹೋಗಿ ರಬ್ಬರಿಗೆ ಬಡಿಯುತ್ತದೆ, ಆ ಕ್ಷಣದಲ್ಲಿ ಟೈರಿನ ಹಿಡಿತವೂ ಹೋಗುತ್ತದೆ.

ಆದರೆ ಸ್ಪ್ರಿಂಗ್ ಕತ್ತರಿಸಿ ಎಂದವರ ಮಾತು ಪೂರ್ತಿ ದಡ್ಡತನವೂ ಅಲ್ಲ. 1967–69ರ ಕಮಾರೊ, 1964–72ರ ಷೆವೆಲ್, 1968–74ರ ನೋವಾ ಇವೆಲ್ಲದರ ಮುಂಭಾಗದ ದೋಷ ಒಂದೇ: ಸ್ಪಿಂಡಲ್ ಗಿಡ್ಡ. ಅಪ್ಪರ್ ಆರ್ಮಿನ ಹೊರತುದಿ ಒಳತುದಿಗಿಂತ ಕೆಳಗಿರುತ್ತದೆ. ಗಾಡಿ ವಾಲಿ ಚಕ್ರ ಮೇಲೆದ್ದಾಗ ಆ ತುದಿ ಹೊರಕ್ಕೆ ಹೋಗಿ, ಚಕ್ರದ ತಲೆಯನ್ನೂ ಹೊರಕ್ಕೆ ತಳ್ಳುತ್ತದೆ. ನಮಗೆ ಬೇಕಾದದ್ದು ಇದರ ತದ್ವಿರುದ್ಧ. ಸ್ಪ್ರಿಂಗ್ ಗಿಡ್ಡವಾದರೆ ಆ ತುದಿ ತುಸು ಮೇಲೇರಿ ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲುವ ಕೋನ) ಸ್ವಲ್ಪ ಸುಧಾರಿಸುತ್ತದೆ. ಡ್ರಾಪ್ ಸ್ಪಿಂಡಲ್ ಮಾತ್ರ ಕಾರ್ಖಾನೆಯ ದೋಷವನ್ನು ಇದ್ದ ಹಾಗೇ ಕಾಪಾಡುತ್ತದೆ. ಗಾಡಿಯ ಭಾರ ಕೆಳಗಿಳಿದ ಲಾಭ ಸಿಗುತ್ತದೆ, ಟೈರು ಮಾತ್ರ ಅಂಚಿನ ಮೇಲೇ ಉರುಳುತ್ತಿರುತ್ತದೆ.

ಆದ್ದರಿಂದ ನನ್ನ ಸಲಹೆ: ಡ್ರಾಪ್ ಸ್ಪಿಂಡಲ್ ಹಾಕುವುದಾದರೆ ಜೊತೆಗೆ ಅರ್ಧ ಇಂಚು ಎತ್ತರದ ಅಪ್ಪರ್ ಬಾಲ್ ಜಾಯಿಂಟನ್ನೂ, ಹೆಚ್ಚು ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷದ ತಲೆ ಹಿಂದಕ್ಕೆ ವಾಲಿರುವ ಕೋನ) ಕೊಡುವ ಅಪ್ಪರ್ ಆರ್ಮನ್ನೂ ಹಾಕಿ. ಇಲ್ಲವೇ ಎರಡಿಂಚು ಡ್ರಾಪ್ ಇದ್ದು, ಒಟ್ಟು ಎತ್ತರವೂ ಹೆಚ್ಚಿರುವ ಸ್ಪಿಂಡಲ್ ಕೊಳ್ಳಿ. ಅಮೆರಿಕದ ರೇಸ್ ಚಾಲಕ ಡಿಕ್ ಗುಲ್ಡ್‌ಸ್ಟ್ರ್ಯಾಂಡ್ ಹೆಸರಿನಲ್ಲಿ ಹೇಳುವ ಹಳೆಯ ಉಪಾಯದ ಗುರಿಯೂ ಇದೇ. ಅದರಲ್ಲಿ ಸಬ್‌ಫ್ರೇಮಿಗೆ (ಗಾಡಿಯ ಮುಂಭಾಗದ ಚೌಕಟ್ಟಿಗೆ) ಹೊಸ ತೂತು ಕೊರೆದು ಅಪ್ಪರ್ ಆರ್ಮಿನ ಒಳತುದಿಯನ್ನು ಕೆಳಗಿಳಿಸುತ್ತಾರೆ. ಎತ್ತರ ಹೆಚ್ಚಿಸುವುದು ಅಥವಾ ತೂತು ಕೊರೆಯುವುದು, ಎರಡರಲ್ಲಿ ಒಂದನ್ನು ಮಾಡಿ, ಎರಡನ್ನೂ ಅಲ್ಲ. 1977–96ರ ಕ್ಯಾಪ್ರಿಸ್‌ನ ಎತ್ತರದ ಸ್ಪಿಂಡಲ್ ಅಗ್ಗಕ್ಕೆ ಸಿಗುತ್ತದೆ ಎಂದು ಯಾರಾದರೂ ಆಸೆ ಹುಟ್ಟಿಸಿದರೆ ಹುಷಾರು. ಅದರ ಸ್ಟೀರಿಂಗ್ ಆರ್ಮ್ ಈ ಗಾಡಿಗೆ ಹೊಂದುವ ಜಾಗದಲ್ಲಿಲ್ಲ. ಉಬ್ಬುತಗ್ಗಿನಲ್ಲಿ ಚಕ್ರ ತಾನಾಗಿ ತಿರುಗುವ ಬಂಪ್ ಸ್ಟಿಯರ್ ಗ್ಯಾರಂಟಿ.

ಡಬ್ಬಿ ಬಂದ ಕೂಡಲೇ ಹಳೆಯ ಮತ್ತು ಹೊಸ ಸ್ಪಿಂಡಲ್‌ಗಳನ್ನು ಪಕ್ಕಪಕ್ಕ ಇಟ್ಟು ಅಳೆಯಿರಿ. ಕೆಳಗಿನ ಬಾಲ್ ಜಾಯಿಂಟ್ ತೂತಿನಿಂದ ಪಿನ್‌ಗೆ ಇರುವ ಅಂತರ ಎರಡಿಂಚು ಹೆಚ್ಚಿರಬೇಕು. ಅದೇ ತೂತಿನಿಂದ ಸ್ಟೀರಿಂಗ್ ಆರ್ಮ್ ಬೋಲ್ಟಿನ ತೂತುಗಳಿಗೆ ಇರುವ ಅಂತರ ಹಳೆಯದರಷ್ಟೇ ಇರಬೇಕು. ಎರಡನೆಯದು ತಪ್ಪಿದ್ದರೆ ವಾಪಸ್ ಕಳಿಸಿ, ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ಸರಿಮಾಡುತ್ತೇನೆ ಎಂದು ಕೂರಬೇಡಿ. ಕೆಲವು ಸ್ಪಿಂಡಲ್‌ಗಳು ರೋಟರನ್ನು (ಡಿಸ್ಕ್ ಬ್ರೇಕಿನ ತಟ್ಟೆಯನ್ನು) ಹೊರಕ್ಕೂ ತಳ್ಳುತ್ತವೆ, ಆಗ ಟೈರು ಫೆಂಡರಿನ ಅಂಚಿಗೆ ತಾಗುತ್ತದೆ. ಅದನ್ನೂ ಅಳೆದು ಆಮೇಲೆ ಚಕ್ರ ಕೊಳ್ಳಿ. ಇವುಗಳಲ್ಲಿ ಹೆಚ್ಚಿನವು ಡಿಸ್ಕ್ ಬ್ರೇಕಿಗೆ ಮಾಡಿದವು. ನಿಮ್ಮದು ನಾಲ್ಕೂ ಡ್ರಮ್ ಇರುವ ಗಾಡಿಯಾದರೆ ಮಾಸ್ಟರ್ ಸಿಲಿಂಡರ್ ಮತ್ತು ಹಿಂದಿನ ಬ್ರೇಕಿನ ಒತ್ತಡ ಹದಗೊಳಿಸುವ ಪ್ರೊಪೋರ್ಷನಿಂಗ್ ವಾಲ್ವ್ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಚಕ್ರದ ವಿಷಯದಲ್ಲಿ 14 ಇಂಚನ್ನು ಮರೆತುಬಿಡಿ. ಪಿನ್ ಮೇಲೆ ಹೋದಷ್ಟೂ ಲೋವರ್ ಬಾಲ್ ಜಾಯಿಂಟ್ ಮತ್ತು ಟೈ ರಾಡ್ ತುದಿ ರಿಮ್ಮಿನ ಒಳ ಅಂಚಿಗೆ ಹತ್ತಿರ ಬರುತ್ತವೆ. 15 ಇಂಚಿನಲ್ಲೂ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಲೇಬೇಕು. ಟೈರು ಪಂಕ್ಚರ್ ಆದರೂ ಸಸ್ಪೆನ್ಷನ್‌ನ ಯಾವ ಭಾಗವೂ ರಿಮ್ಮಿನ ಅಂಚಿಗಿಂತ ಕೆಳಗೆ ಬಂದು ನೆಲಕ್ಕೆ ಉಜ್ಜಬಾರದು. 17×8 ಚಕ್ರ, 235/45 ಟೈರು ಈ ಗಾಡಿಯ ಮುಂಭಾಗಕ್ಕೆ ಒಗ್ಗುವ ಅಳತೆ.

ಬಿಚ್ಚುವಾಗ ಚಾಸಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಲೋವರ್ ಆರ್ಮಿನ ಕೆಳಗೆ ಬಾಲ್ ಜಾಯಿಂಟಿನ ಹತ್ತಿರ ಜಾಕ್ ಕೊಡಿ. ಸ್ಪ್ರಿಂಗನ್ನು ಹಿಡಿದಿಟ್ಟಿರುವುದು ಆ ಜಾಕ್ ಒಂದೇ. ಅದು ಜಾರಿದರೆ ಜೀವಕ್ಕೇ ಅಪಾಯ, ಆದ್ದರಿಂದ ಸ್ಪ್ರಿಂಗಿಗೂ ಫ್ರೇಮಿಗೂ ಸೇರಿಸಿ ಸರಪಳಿ ಕಟ್ಟಿ. ಬ್ರೇಕ್ ಕ್ಯಾಲಿಪರನ್ನು ಹೋಸಿನಲ್ಲಿ ನೇತುಬಿಡದೆ ತಂತಿಯಿಂದ ಕಟ್ಟಿ. ಬಾಲ್ ಜಾಯಿಂಟಿನ ನಟ್‌ಗಳನ್ನು ಎರಡು ಮೂರು ಸುತ್ತು ಸಡಿಲಿಸಿ ಅಲ್ಲೇ ಬಿಟ್ಟು, ಸ್ಟಡ್ಡಿಗಲ್ಲ, ಸ್ಪಿಂಡಲ್‌ನ ಕಿವಿಗೆ ಸುತ್ತಿಗೆಯಿಂದ ಬಲವಾಗಿ ಹೊಡೆದರೆ ಹಿಡಿದುಕೊಂಡಿದ್ದ ಟೇಪರ್ ಬಿಡುತ್ತದೆ. ಆಮೇಲಷ್ಟೇ ನಟ್ ತೆಗೆಯಿರಿ. ಕೂಡಿಸುವಾಗ ಕಾಟರ್ ಪಿನ್ ತೂತು ಹೊಂದದಿದ್ದರೆ ನಟ್ಟನ್ನು ಮುಂದಕ್ಕೇ ಬಿಗಿಯಿರಿ, ಹಿಂದಕ್ಕೆ ಸಡಿಲಿಸಬೇಡಿ. ವೀಲ್ ಬೇರಿಂಗಿಗೆ ರೋಟರ್ ತಿರುಗಿಸುತ್ತಾ 12 ಪೌಂಡ್-ಅಡಿ ಬಿಗಿದು, ಪೂರ್ತಿ ಸಡಿಲಿಸಿ, ಬೆರಳಲ್ಲಿ ಬಿಗಿಯಿರಿ. ಇಲ್ಲಿ ಮಾತ್ರ ತೂತು ಸಿಗದಿದ್ದರೆ ತುಸು ಹಿಂದಕ್ಕೆ. 0.001ರಿಂದ 0.005 ಇಂಚು ಸಡಿಲ ಇರಬೇಕು.

ಅಲೈನ್‌ಮೆಂಟ್ ಅಂಗಡಿಯವರು ಕಂಪ್ಯೂಟರಿನಲ್ಲಿರುವ 1969ರ ಅಂಕಿಗಳನ್ನೇ ಹಾಕುತ್ತಾರೆ. ಅವು ಹಳೆಯ ಬಗೆಯ ಬಯಾಸ್-ಪ್ಲೈ ಟೈರಿನ ಕಾಲದವು, ಇಷ್ಟೆಲ್ಲ ಮಾಡಿದ್ದೂ ನೀರಲ್ಲಿ ಹೋಮ. ಚೀಟಿಯಲ್ಲಿ ಬರೆದು ಕೊಡಿ: ಕ್ಯಾಂಬರ್ ಮೈನಸ್ 0.5ರಿಂದ 1 ಡಿಗ್ರಿ, ಪವರ್ ಸ್ಟೀರಿಂಗ್ ಇದ್ದರೆ ಕ್ಯಾಸ್ಟರ್ ಪ್ಲಸ್ 5, ಟೋ (ಚಕ್ರಗಳ ಮುಂಭಾಗ ಒಂದರತ್ತ ಒಂದು ತಿರುಗಿರುವ ಅಳತೆ) ಒಳಕ್ಕೆ 1/16 ಇಂಚು. ಹಳೆಯ ಅಪ್ಪರ್ ಆರ್ಮಿನಲ್ಲೇ ಇಷ್ಟು ಕ್ಯಾಸ್ಟರ್ ಬರಿಸಲು ಹೋದರೆ ಶಿಮ್ಮಿನ ದೊಡ್ಡ ಕಟ್ಟನ್ನೇ ತುರುಕಬೇಕಾಗುತ್ತದೆ. ಹೊಸ ಆರ್ಮ್ ಎಂದದ್ದು ಅದಕ್ಕೇ.

ಬುಶ್, ಸ್ಟೀರಿಂಗ್ ಸರಳುಗಳಿಗೆ ಆಸರೆಯಾದ ಐಡ್ಲರ್ ಆರ್ಮ್, ಸ್ಟೀರಿಂಗ್ ಬಾಕ್ಸ್ ಇವುಗಳಲ್ಲಿ ಯಾವುದಾದರೂ ಆಡುತ್ತಿದ್ದರೆ ದುಡ್ಡು ಮೊದಲು ಅಲ್ಲಿಗೆ ಹೋಗಲಿ. ಎರಡಿಂಚಿನ ಸ್ಪಿಂಡಲ್ ಜೊತೆ ಗಾಡಿಯನ್ನು ಇನ್ನೂ ಒಂದಿಂಚು ಇಳಿಸುವ ಸ್ಪ್ರಿಂಗನ್ನೂ ಸೇರಿಸುವ ಯೋಚನೆ ಇದ್ದರೆ ಬಿಡಿ. ಮೂರಿಂಚು ಇಳಿದ ಗಾಡಿಯಲ್ಲಿ ಪ್ರತಿ ರಸ್ತೆ ಉಬ್ಬಿಗೂ ಎಂಜಿನ್ನಿನಿಂದ ಹೊಗೆ ಹೊರಬಿಡುವ ಹೆಡರ್ ಪೈಪು ತಾಗುತ್ತದೆ.