ಬೀಡಿ ಸೇದದ ಅವ್ವನಿಗೆ ಸಿಒಪಿಡಿ ಹೇಗೆ ಬಂತು?

ಒಲೆಯ ಹೊಗೆಯಿಂದ ಬಂದಿರಬಹುದು. ಶ್ವಾಸನಾಳ ಕಿರಿದಾಗುತ್ತಾ ಹೋಗುವ ಈ ಕಾಯಿಲೆಗೆ ಬೀಡಿಯೇ ಬೇಕೆಂದಿಲ್ಲ. ಚಿತ್ತಾಪುರದ ಹತ್ತಿರದ ಹಳ್ಳಿಯಲ್ಲಿ ಅವ್ವ 30 ವರ್ಷ ಒಲೆ ಮೇಲೇ ರೊಟ್ಟಿ ಮಾಡಿದ್ದಾರೆ ಅಂತ ನೀವೇ ಬರೆದಿದ್ದೀರಲ್ಲ.

ತೊಗರಿ ಕಟ್ಟಿಗೆ ಸರ್ರನೆ ಉರಿದುಹೋಗುತ್ತದೆ. ಹಂಚಿನ ಮೇಲಿನ ರೊಟ್ಟಿ ಹೊರಳಿಸುವಷ್ಟರಲ್ಲಿ ಮತ್ತೆ ತುರುಕಬೇಕು, ಬಗ್ಗಿ ಊದಬೇಕು. ಮುಖವೆಲ್ಲ ಹೊಗೆಯೊಳಗೇ.

ಆ ಹೊಗೆಯಲ್ಲಿ 2.5 ಮೈಕ್ರಾನಿಗಿಂತ ಸಣ್ಣ ಮಸಿಕಣಗಳಿರುತ್ತವೆ. ತಲೆಗೂದಲು ಇದಕ್ಕಿಂತ ಸುಮಾರು 30 ಪಟ್ಟು ದಪ್ಪ! ಅವು ಶ್ವಾಸಕೋಶದ ತುದಿಯ ಗಾಳಿಚೀಲದವರೆಗೂ ಇಳಿಯುತ್ತವೆ. ಅಲ್ಲಿ ಕಾವಲಿಗಿರುವ ರೋಗನಿರೋಧಕ ಕೋಶಗಳು ರೋಗಾಣುವನ್ನು ನುಂಗುವ ಹಾಗೇ ಅವನ್ನೂ ನುಂಗುತ್ತವೆ. ರೋಗಾಣುವನ್ನಾದರೆ ಅರಗಿಸಬಹುದು, ಮಸಿ ಅರಗಬೇಕಲ್ಲ? ಆಗ ಅವು ಇನ್ನಷ್ಟು ಕೋಶಗಳನ್ನು ಸಹಾಯಕ್ಕೆ ಕರೆಸುತ್ತವೆ. ಎಲ್ಲ ಸೇರಿ ಸುರಿಸುವ ರಾಸಾಯನಿಕಗಳು ನಮ್ಮದೇ ಗಾಳಿಚೀಲದ ಗೋಡೆಯನ್ನು ತಿನ್ನುತ್ತವೆ. ಬೆಳಗಿನ ಗಾಯ ಮಾಯುವ ಮೊದಲೇ ಸಂಜೆಯ ಅಡುಗೆ ಶುರು.

ಕೋಶಗಳ ಈ ಕಾದಾಟವೇ ಉರಿಯೂತ. ಅದು ರಕ್ತನಾಳಗಳಿಗೂ ತಟ್ಟುವುದರಿಂದ ಹೃದಯಕ್ಕೂ ಅಪಾಯ ಜಾಸ್ತಿ.

ಹಾಳಾದ ಗಾಳಿಚೀಲ ಮರಳಿ ಬರುವುದಿಲ್ಲ. ಆದರೆ ಹೊಗೆ ತಪ್ಪಿಸಿದರೆ ಕಾಯಿಲೆ ಮುಂದುವರಿಯುವ ವೇಗ ಕಡಿಮೆಯಾಗಬಹುದು. ಪೂರ್ತಿ ಗ್ಯಾಸಿಗೆ ಬದಲಾಗುವುದು ಆಗದಿದ್ದರೆ, ಒಲೆಯನ್ನಾದರೂ ಅಂಗಳಕ್ಕೆ ತನ್ನಿ.